ಟ್ಯೂಬು ತಿರುಗಿಸಿ ನೋಡಿ: ಮುಖಕ್ಕೆ ಹಚ್ಚೋದು ಕ್ರೀಮಾ, ಔಷಧಿಯಾ?

ಮೈಸೂರಿಂದ ಮಾತಾಡ್ತಾ ಇದೀನಿ. ಹೊರಗೆ ಒಳ್ಳೆ ಬಿಸಿಲು, ಒಳಗೆ ಫ್ಯಾನ್ ಆಫ್ ಮಾಡ್ಕೊಂಡು ಕೂತಿದೀನಿ, ಇಲ್ಲಾಂದ್ರೆ ರೆಕಾರ್ಡಿಂಗ್‌ನಲ್ಲಿ ಅದೇ ಕೇಳಿಸತ್ತೆ.

ಈ ಎಪಿಸೋಡ್ ನಿಮ್ಮ ವಾಯ್ಸ್ ಮೆಸೇಜ್‌ಗಳಿಂದ ಹುಟ್ಟಿದ್ದು. ಉಳಿತಾಯ, ಸಾಲ, ಇಎಂಐ ಅಂತ ನಾನು ಮಾತಾಡ್ತಾ ಇದ್ರೆ, ಕೆಲವರು ಕೊನೇಲಿ ಮೆಲ್ಲಗೆ ಇನ್ನೊಂದು ಪ್ರಶ್ನೆ ಸೇರಿಸ್ತಾರೆ. "ಮುಖಕ್ಕೆ ಯಾವ ಫೇಸ್‌ವಾಶ್ ತಗೊಳ್ಳಲಿ?" "ಮೊಡವೆ ಕಲೆ ಹೋಗೋಕೆ ಯಾವ ಕ್ರೀಮ್?" "ನಮ್ಮ ಹಾಸ್ಟೆಲಲ್ಲಿ ಎಲ್ರೂ ಒಂದು ಟ್ಯೂಬ್ ಹಚ್ತಾರೆ, ಹಚ್ಚಬಹುದಾ?" ಇದರಲ್ಲಿ ಹುಡುಗರ ಧ್ವನಿ ಹುಡುಗಿಯರಷ್ಟೇ ಇತ್ತು, ಅದನ್ನೂ ಹೇಳ್ಬಿಡ್ತೀನಿ.

ಮೊದಲೇ ಸ್ಪಷ್ಟ ಮಾಡ್ತೀನಿ. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿರೋನು. ನಿಮ್ಮ ಮುಖ ನೋಡಿ ಇಂಥದ್ದು ಹಚ್ಚಿ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೆ ಕಾಮರ್ಸ್ ಓದಿದೋರಿಗೆ ಒಂದು ಅಭ್ಯಾಸ ಬಂದಿರತ್ತೆ. ಯಾವುದೇ ಕಂಪನಿಯ ಆನ್ಯುಯಲ್ ರಿಪೋರ್ಟ್ ತೆಗೀರಿ, ಮುಂದಿನ ಪುಟಗಳಲ್ಲಿ ನಗುಮುಖದ ಫೋಟೋ, ದೊಡ್ಡ ದೊಡ್ಡ ಮಾತು. ನಿಜವಾದ ಲೆಕ್ಕ ಇರೋದು ಹಿಂದೆ, ಸಣ್ಣ ಅಕ್ಷರದಲ್ಲಿ. ಸಾಲ ಎಷ್ಟಿದೆ, ಕೋರ್ಟ್ ಕೇಸು ಏನಿದೆ, ಎಲ್ಲಾ ಅಲ್ಲೇ. ಮುಖಕ್ಕೆ ಹಚ್ಚೋ ಟ್ಯೂಬೂ ಹಾಗೇನೇ. ಮುಂದೆ ಜಾಹೀರಾತು, ಹಿಂದೆ ಲೆಕ್ಕ. ಇವತ್ತು ಆ ಹಿಂಭಾಗ ಓದೋದು ಹೇಗೆ ಅಂತ ನೋಡೋಣ.

ಯಾಕಂದ್ರೆ "ಯಾವ ಬ್ರ್ಯಾಂಡ್?" ಅನ್ನೋದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಬೇರೆ ಇದೆ: ನಿಮ್ಮ ಕೈಯಲ್ಲಿರೋದು ಸೌಂದರ್ಯವರ್ಧಕವಾ, ಔಷಧಿಯಾ?

ಒಂದೇ ಕೌಂಟರ್, ಎರಡು ಜಾತಿ

ನಮ್ಮ ದೇಶದಲ್ಲಿ ಎರಡಕ್ಕೂ ಒಂದೇ ಕಾನೂನು, 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಆಕ್ಟ್. ಕಾಸ್ಮೆಟಿಕ್ ಅಂದ್ರೆ ಮೈ ಶುಚಿ ಮಾಡೋಕೆ, ಅಂದ ಹೆಚ್ಚಿಸೋಕೆ, ನೋಟ ಬದಲಾಯಿಸೋಕೆ ಹಚ್ಚೋ ವಸ್ತು. ಡ್ರಗ್ ಅಂದ್ರೆ ಕಾಯಿಲೆ ವಾಸಿ ಮಾಡೋಕೆ ಬಳಸೋದು. ಕಾನೂನಿನ ಪುಸ್ತಕದಲ್ಲಿ ಇವೆರಡರ ಮಧ್ಯೆ ಗೋಡೆ ಇದೆ. ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಆ ಗೋಡೆ ಕಾಣಲ್ಲ. ಮಾಯಿಶ್ಚರೈಸರ್ ಪಕ್ಕದಲ್ಲೇ 15 ಗ್ರಾಮಿನ ಪುಟ್ಟ ಟ್ಯೂಬು, ಅದೇ ಗುಲಾಬಿ ಬಣ್ಣ, ಅದೇ ಹೊಳಪಿನ ಡಬ್ಬಿ.

ಗುರುತಿಸೋದು ಕಷ್ಟ ಇಲ್ಲ. ಡಬ್ಬಿ ಮೇಲೆ ಎಡಗಡೆ ಕೆಂಪು ಗೆರೆ ಇದ್ಯಾ? ಹೆಸರಿನ ಹತ್ರ 'ಆರ್‌ಎಕ್ಸ್' ಗುರುತು ಇದ್ಯಾ? 'ಷೆಡ್ಯೂಲ್ ಎಚ್' ಅಂತ ಬರೆದು, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅನ್ನೋ ಎಚ್ಚರಿಕೆ ಇದ್ಯಾ? ಇದ್ರೆ ಅದು ಔಷಧಿ. ಬ್ಯೂಟಿ ಪಾರ್ಲರಲ್ಲಿ ಕೊಟ್ರೂ ಔಷಧಿನೇ, ಅಕ್ಕ ಕೊಟ್ರೂ ಔಷಧಿನೇ.

ಈಗ ಆ ಪುಟ್ಟ ಟ್ಯೂಬಿನ ವಿಷಯಕ್ಕೆ ಬರ್ತೀನಿ. ಇವತ್ತಿನ ಎಪಿಸೋಡಲ್ಲಿ ಮುಖ್ಯವಾದ ಭಾಗ ಇದೇ.

"ಮೂರೇ ವಾರದಲ್ಲಿ ಬೆಳ್ಳಗಾದೆ"

ನನ್ನ ಡಿಗ್ರಿ ಕ್ಲಾಸ್‌ಮೇಟ್ ಒಬ್ಬಳು, ಹೆಸರು ಬೇಡ, ಅವಳ ಒಪ್ಪಿಗೆ ತಗೊಂಡೇ ಹೇಳ್ತಾ ಇದೀನಿ. ನಿಶ್ಚಿತಾರ್ಥಕ್ಕೆ ಮುಂಚೆ ಯಾರೋ ಒಂದು ಕ್ರೀಮ್ ಹೇಳಿದ್ರು. ರಾತ್ರಿ ಹಚ್ಚಿ ಮಲಗೋದು. ಮೂರು ವಾರಕ್ಕೆ ಮುಖ ಹೊಳೀತಾ ಇತ್ತು. ಮೊಡವೆ ಮಾಯ, ಬಣ್ಣ ತಿಳಿ. ಎಲ್ರೂ ಕೇಳಿದ್ರು, ಇವಳೂ ಇಬ್ಬರಿಗೆ ಹೇಳಿದ್ಲು. ನಾಲ್ಕೈದು ತಿಂಗಳಾದ ಮೇಲೆ ಬಿಸಿಲಿಗೆ ಹೋದ್ರೆ ಉರಿ. ಕೆನ್ನೆ ಮೇಲೆ ಕೆಂಪು ನರದ ಗೆರೆಗಳು. ಗಲ್ಲದಲ್ಲಿ ಸಣ್ಣ ಕೂದಲು. ಹೆದರಿ ನಿಲ್ಲಿಸಿದ್ಲು. ನಿಲ್ಲಿಸಿದ ಮೂರನೇ ದಿನಕ್ಕೆ ಮುಖವೆಲ್ಲಾ ಕೆಂಪಾಗಿ, ಒಂದೇ ಸಮನೆ ಗುಳ್ಳೆ. ಮತ್ತೆ ಹಚ್ಚಿದ್ರೆ ಕಮ್ಮಿ. ಬಿಟ್ರೆ ಜಾಸ್ತಿ. ಚರ್ಮದ ಡಾಕ್ಟರ್ ಹತ್ರ ಹೋದಾಗ ಅವರು ಮುಖ ನೋಡಿ, "ಆ ಟ್ಯೂಬು ತಂದಿದೀಯೇನಮ್ಮ?" ಅಂತ ಕೇಳಿದ್ರಂತೆ. ಸರಿಹೋಗೋಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕಾಯ್ತು. ಮದುವೆ ಫೋಟೋದಲ್ಲಿ ದಪ್ಪ ಮೇಕಪ್ ಯಾಕೆ ಅಂತ ಅವಳಿಗೆ ಮಾತ್ರ ಗೊತ್ತು.

ಆ ಟ್ಯೂಬಲ್ಲಿ ಇದ್ದದ್ದು ಸ್ಟೀರಾಯ್ಡ್.

ಸ್ಟೀರಾಯ್ಡ್ ಕ್ರೀಮ್ ಹಚ್ಚಿದ್ರೆ ಏನಾಗತ್ತೆ? ಚರ್ಮದ ಊತ, ಕೆಂಪು, ತುರಿಕೆ ತಕ್ಷಣ ಇಳಿಯತ್ತೆ. ಅಲ್ಲಿನ ಸಣ್ಣ ರಕ್ತನಾಳಗಳು ಕುಗ್ತವೆ, ಬಣ್ಣ ತಿಳಿಯಾಗತ್ತೆ. ಅದಕ್ಕೇ ಮೊದಲ ಕೆಲವು ವಾರ ಮ್ಯಾಜಿಕ್ ಥರ ಕಾಣೋದು. ಆದ್ರೆ ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗತ್ತೆ, ನರ ಕಾಣತ್ತೆ, ಮೊಡವೆ ಬರತ್ತೆ, ಬೇಡದ ಕಡೆ ಕೂದಲು ಬೆಳೆಯತ್ತೆ. ಜೊತೆಗೆ ಚರ್ಮ ಅದಕ್ಕೆ ಒಗ್ಗಿಹೋಗತ್ತೆ. ನಿಲ್ಲಿಸಿದ್ರೆ ಉರಿದು ಸೇಡು ತೀರಿಸ್ಕೊಳ್ಳತ್ತೆ. ನಮ್ಮ ದೇಶದ ಚರ್ಮವೈದ್ಯರು ಇದನ್ನ ಎಷ್ಟು ನೋಡಿದ್ದಾರೆ ಅಂದ್ರೆ ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ: 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್'. ಸ್ಟೀರಾಯ್ಡ್‌ನಿಂದ ಹಾಳಾದ ಮುಖ.

ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಎಕ್ಸಿಮಾ, ಸೋರಿಯಾಸಿಸ್ ಇರೋರಿಗೆ ಅದು ಬೇಕೇ ಬೇಕು. ಎಷ್ಟು ತೀಕ್ಷ್ಣದ್ದು, ಎಲ್ಲಿಗೆ, ಎಷ್ಟು ದಿನ ಅಂತ ಡಾಕ್ಟರ್ ಲೆಕ್ಕ ಹಾಕಿ ಕೊಡ್ತಾರೆ. ಆ ಲೆಕ್ಕ ಇಲ್ಲದೆ ಫೇರ್‌ನೆಸ್ ಕ್ರೀಮ್ ಥರ ದಿನಾ ಹಚ್ಚೋದೇ ತೊಂದರೆ.

ಹೆಸರು ಬರ್ಕೊಳ್ಳಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಓಸಿನೋಲೋನ್. ಟ್ಯೂಬಿನ ಹಿಂದೆ ಈ ನಾಲ್ಕರಲ್ಲಿ ಒಂದು ಕಂಡ್ರೆ ಅದು ಸ್ಟೀರಾಯ್ಡ್. ಇನ್ನೊಂದು ಮಿಶ್ರಣ ಇದೆ: ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಜೊತೆಗೆ ಮೊಮೆಟಾಸೋನ್. ಇದು ಬಂಗಿಗೆ, ಅಂದ್ರೆ ಕೆನ್ನೆ ಮೇಲೆ ಬರೋ ಕಂದು ಮಚ್ಚೆಗೆ, ಡಾಕ್ಟರ್ ಕೆಲವೇ ವಾರಕ್ಕೆ ಅಂತ ಬರೆಯೋ ಔಷಧಿ. ಚೀಟಿ ಕಳೆದುಹೋಗತ್ತೆ, ಟ್ಯೂಬಿನ ಹೆಸರು ಮಾತ್ರ ಮನೆಯಿಂದ ಮನೆಗೆ ಹೋಗತ್ತೆ. ಅಮ್ಮನ ಬಂಗಿಗೆ ಬರೆದದ್ದು ಮಗಳ ಕಾಲೇಜ್ ಡೇ ಕ್ರೀಮ್ ಆಗಿಬಿಡತ್ತೆ.

ಹುಡುಗರೇ, ನಿಮಗೂ ಇದೆ. ಹಾಸ್ಟೆಲಲ್ಲಿ ಹುಳುಕಡ್ಡಿಗೆ ಅಂತ ತಂದ ಟ್ಯೂಬಲ್ಲಿ ಎಷ್ಟೋ ಸಲ ಫಂಗಸ್ ಔಷಧಿ ಜೊತೆ ಸ್ಟೀರಾಯ್ಡೂ ಬೆರೆತಿರತ್ತೆ. ತುರಿಕೆ ನಿಲ್ಲತ್ತೆ, ವಾಸಿಯಾಯ್ತು ಅನ್ಸತ್ತೆ, ಫಂಗಸ್ ಒಳಗೇ ಹರಡತ್ತೆ. ಆಮೇಲೆ ಅದೇ ಟ್ಯೂಬನ್ನ ಶೇವಿಂಗ್ ಆದ ಮೇಲೆ ಬರೋ ಗುಳ್ಳೆಗೂ ಹಚ್ತೀರ. ರೂಮಲ್ಲಿ ನಾಲ್ಕು ಜನಕ್ಕೆ ಒಂದೇ ಟ್ಯೂಬು.

ಸರ್ಕಾರ ಸುಮ್ನೆ ಕೂತಿಲ್ಲ. 2018ರಲ್ಲಿ ಇಂಥ 14 ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸ್ತು. ಅಂದ್ರೆ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಇನ್ನೊಂದು ನಿಯಮ ಇನ್ನೂ ಹಳೇದು, ಅದು ನನಗೆ ತುಂಬಾ ಇಷ್ಟ. ಡ್ರಗ್ಸ್ ನಿಯಮಗಳಲ್ಲಿ ಷೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಯಾವ ಔಷಧಿಯೂ "ಇದನ್ನ ವಾಸಿ ಮಾಡ್ತೀನಿ" ಅಂತ ಹೇಳ್ಕೊಳ್ಳಬಾರದ ವಿಷಯಗಳ ಪಟ್ಟಿ ಅದು. ಕ್ಯಾನ್ಸರ್ ಇದೆ, ಡಯಾಬಿಟಿಸ್ ಇದೆ, ಬೋಳುತಲೆ ಇದೆ. ಅದೇ ಸಾಲಲ್ಲಿ ಚರ್ಮದ ಬಿಳುಪು ಕೂಡ ಇದೆ. ಅಂದ್ರೆ ಬೆಳ್ಳಗೆ ಮಾಡ್ತೀನಿ ಅಂತ ಹೇಳೋ ಹಕ್ಕು ಯಾವ ಔಷಧಿಗೂ ಇಲ್ಲ. ಹಾಗಿದ್ರೂ ಅದೇ ಮಾತು ಹೇಳಿ ನಿಮ್ಮ ಕೈಗೆ ಟ್ಯೂಬು ಕೊಡ್ತಾರೆ ಅಂದ್ರೆ, ಕೊಟ್ಟೋರು ಏನು ಮಾಡ್ತಿದ್ದಾರೆ ಅಂತ ನೀವೇ ಯೋಚಿಸಿ.

ಈಗಾಗಲೇ ಹಚ್ತಾ ಇದ್ರೆ? ಗಾಬರಿ ಬೇಡ. ಟ್ಯೂಬನ್ನ ಕಸಕ್ಕೆ ಎಸೀಬೇಡಿ, ಅದೇ ನಿಮ್ಮ ದಾಖಲೆ. ತಗೊಂಡು ಚರ್ಮದ ಡಾಕ್ಟರ್ ಹತ್ರ ಹೋಗಿ. ಎಷ್ಟು ತಿಂಗಳಿಂದ ಹಚ್ತಿದ್ದೀರ ಅನ್ನೋದನ್ನ ನಾಚಿಕೊಳ್ಳದೆ ನಿಜ ಹೇಳಿ. ಹೇಗೆ ಬಿಡಬೇಕು ಅಂತ ಅವರು ಹೇಳ್ತಾರೆ. ನಮ್ಮೂರಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ, ಸರ್ಕಾರಿ ಆಸ್ಪತ್ರೆ, ಖಾಸಗಿ ಕ್ಲಿನಿಕ್ಕಿನ ಫೀಸಿಗೆ ಹೆದರಬೇಕಾಗಿಲ್ಲ. ಜೆಎಸ್ಎಸ್ ಆಸ್ಪತ್ರೆಯಲ್ಲೂ ಇದೆ.

ಹಿಂದೆ ಏನೂ ಬರೆದಿಲ್ಲ ಅಂದ್ರೆ?

ಇದು ಇನ್ನೂ ಅಪಾಯ. ಸ್ಟೀರಾಯ್ಡ್ ಟ್ಯೂಬಲ್ಲಿ ಕನಿಷ್ಠ ಹೆಸರಾದ್ರೂ ಇರತ್ತೆ. ಆನ್‌ಲೈನಲ್ಲಿ, ಕೆಲವು ಫ್ಯಾನ್ಸಿ ಸ್ಟೋರಲ್ಲಿ ಸಿಗೋ ಕೆಲವು ಡಬ್ಬಿಗಳಲ್ಲಿ ವಿದೇಶದ ಭಾಷೆ, ಹೊಳೆಯೋ ಮುಚ್ಚಳ ಬಿಟ್ರೆ ಇನ್ನೇನೂ ಇರಲ್ಲ.

ಮೈಸೂರಿಂದ ಊಟಿ ರೋಡ್ ಹಿಡಿದು, ನಂಜನಗೂಡು, ಗುಂಡ್ಲುಪೇಟೆ, ಗೂಡಲೂರು ದಾಟಿ ನಾಡುಕಾಣಿ ಘಾಟಿ ಇಳಿದ್ರೆ ನಿಲಂಬೂರು. ಅದು ಕೇರಳದ ಮಲಪ್ಪುರಂ ಜಿಲ್ಲೆ. ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ತಲುಪೋ ದೂರ. 2023ರಲ್ಲಿ ಆ ಜಿಲ್ಲೆಯ ಕೋಟಕ್ಕಲ್‌ನ ಕಿಡ್ನಿ ಡಾಕ್ಟರ್‌ಗಳು ಒಂದು ವಿಚಿತ್ರ ಗಮನಿಸಿದ್ರು. ಮೊದಲು ಯಾವ ಕಾಯಿಲೆಯೂ ಇಲ್ಲದ, ವಯಸ್ಸಾಗದೇ ಇರೋ ಜನ ಕಿಡ್ನಿ ತೊಂದರೆ ಅಂತ ಬರ್ತಾ ಇದ್ರು, ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಇತ್ತು. ವಿಚಾರಿಸ್ತಾ ಹೋದ್ರೆ, ಅವರಲ್ಲಿ ಹೆಚ್ಚಿನೋರಿಗೆ ಸಾಮಾನ್ಯವಾಗಿದ್ದದ್ದು ಒಂದೇ: ಬೆಳ್ಳಗಾಗೋ ಕ್ರೀಮ್. ಕ್ರೀಮನ್ನ ಪರೀಕ್ಷೆ ಮಾಡಿದ್ರೆ ಪಾದರಸ.

ಪಾದರಸ ಯಾಕೆ ಹಾಕ್ತಾರೆ? ಚರ್ಮಕ್ಕೆ ಬಣ್ಣ ಕೊಡೋದು ಮೆಲನಿನ್. ಅದು ತಯಾರಾಗೋದನ್ನ ಪಾದರಸ ತಡೆಯತ್ತೆ, ಅಗ್ಗಕ್ಕೆ ಸಿಗತ್ತೆ. ಆದ್ರೆ ಅದು ಮುಖದ ಮೇಲೇ ಕೂರಲ್ಲ. ಚರ್ಮದ ಮೂಲಕ ಒಳಗೆ ಇಳಿದು ಕಿಡ್ನಿ ಸೇರತ್ತೆ. ಟವೆಲ್, ದಿಂಬಿನ ಕವರ್ ಮೂಲಕ ಮನೆಯಲ್ಲಿರೋ ಮಗುವಿಗೂ ಹೋಗಬಹುದು. ನಮ್ಮ ನಿಯಮದ ಪ್ರಕಾರ ಮುಖಕ್ಕೆ ಹಚ್ಚೋ ಕ್ರೀಮಿಗೆ ಬೇಕಂತ ಪಾದರಸ ಹಾಕೋ ಹಾಗೇ ಇಲ್ಲ. ಗೊತ್ತಿಲ್ಲದೆ ಸೇರಿದ್ರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು.

ಪಾದರಸ ಇದೆ ಅಂತ ಡಬ್ಬಿ ಮೇಲೆ ಯಾರೂ ಬರೆಯಲ್ಲ. ಹಾಗಾಗಿ ಬೇರೆ ದಾರೀಲಿ ಪತ್ತೆ ಮಾಡಬೇಕು. ಕಾಮರ್ಸಲ್ಲಿ ವೋಚರ್ ಇಲ್ಲದ ಖರ್ಚನ್ನ ಒಪ್ಪಲ್ಲ ಅಲ್ವಾ? ಇಲ್ಲೂ ಅಷ್ಟೇ. ಡಬ್ಬಿ ಮೇಲೆ ಐದು ವೋಚರ್ ಇರಬೇಕು. ತಯಾರಕರ ಪೂರ್ತಿ ಹೆಸರು ಮತ್ತು ವಿಳಾಸ. ಲೈಸೆನ್ಸ್ ನಂಬರ್. ಬ್ಯಾಚ್ ನಂಬರ್. ಯಾವಾಗ ತಯಾರಾಯ್ತು, ಯಾವಾಗಿನ ತನಕ ಬಳಸಬಹುದು. ಐದನೇದು, ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ. ವಿದೇಶದ್ದಾದ್ರೆ ಆಮದು ನೋಂದಣಿ ನಂಬರ್ ಇರಬೇಕು, ಆ ನೋಂದಣಿ ಯಾರ ಹೆಸರಲ್ಲಿದೆ ಅನ್ನೋದೂ ವಿಳಾಸದ ಸಮೇತ ಇರಬೇಕು. ಇದ್ಯಾವುದೂ ಇಲ್ಲದ ಡಬ್ಬಿ ಎಷ್ಟೇ ಚೆಂದ ಇರಲಿ, ಯಾರೇ ದುಬೈಯಿಂದ ತಂದಿರಲಿ, ಮುಖಕ್ಕೆ ಬೇಡ.

ಆಯ್ತು, ಭಯದ ಭಾಗ ಮುಗೀತು. ಈಗ ನಿಮ್ಮ ಪ್ರಶ್ನೆಗಳು.

"ಮನೇಲಿ ಎಲ್ರೂ ಮೈಸೂರ್ ಸ್ಯಾಂಡಲ್ ಸೋಪಲ್ಲೇ ಮುಖ ತೊಳೀತೀವಿ. ಸಾಕಾ?"

ಮೈಸೂರಲ್ಲಿ ಕೂತು ಈ ಪ್ರಶ್ನೆಗೆ ಉತ್ತರ ಹೇಳೋಕೆ ಧೈರ್ಯ ಬೇಕು! ಆ ಸೋಪಿನ ಕಥೆ ಗೊತ್ತಲ್ಲ. ಮೊದಲನೇ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗ್ತಿದ್ದ ಮೈಸೂರು ಗಂಧದ ಕೊರಡು ಹೋಗದೆ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ರಾಜರು, ವಿಶ್ವೇಶ್ವರಯ್ಯ ದಿವಾನರು. ಕೊರಡು ಮಾರೋ ಬದಲು ಎಣ್ಣೆ ನಾವೇ ತೆಗೆಯೋಣ ಅಂತ 1916ರಲ್ಲಿ ಕೆಲಸ ಶುರುವಾಯ್ತು. ಆಮೇಲೆ ನಮ್ಮೂರಲ್ಲೂ ಗಂಧದೆಣ್ಣೆ ಫ್ಯಾಕ್ಟರಿ ಬಂತು, ಮಾನಂದವಾಡಿ ರೋಡಲ್ಲಿ ಇದ್ಯಲ್ಲ, ಅದೇ. ಎಣ್ಣೆ ಇದ್ರೆ ಸೋಪು ಯಾಕೆ ಬೇಡ ಅಂತ ಎಸ್.ಜಿ. ಶಾಸ್ತ್ರಿಗಳು ಲಂಡನ್ನಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದ್ರು, 1918ರ ಹೊತ್ತಿಗೆ ಬೆಂಗಳೂರಲ್ಲಿ ಸರ್ಕಾರಿ ಸೋಪು ತಯಾರಾಗ್ತಾ ಇತ್ತು. ಡಬ್ಬಿ ಮೇಲೆ ಸಿಂಹದ ಮೈ, ಆನೆ ತಲೆಯ ಶರಭ.

ಈಗ ಆ ಡಬ್ಬಿ ಹಿಂದೆ ನೋಡಿ. 'ಗ್ರೇಡ್ 1' ಅಂತಿರತ್ತೆ, 'ಟಿಎಫ್‌ಎಂ' ಅಂತ ಒಂದು ಅಂಕಿ ಇರತ್ತೆ. ಟಿಎಫ್‌ಎಂ ಅಂದ್ರೆ ಸೋಪಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟು ಅಂತ. ಶೇಕಡಾ 76 ದಾಟಿದ್ರೆ ಗ್ರೇಡ್ 1, 70 ದಾಟಿದ್ರೆ ಗ್ರೇಡ್ 2, 60 ದಾಟಿದ್ರೆ ಗ್ರೇಡ್ 3. 'ಬಾತಿಂಗ್ ಬಾರ್' ಅಂತ ಬರೆದಿರೋದಕ್ಕೆ 40 ಇದ್ರೂ ಸಾಕು. ನೀವು ಸೋಪು ಅಂದ್ಕೊಂಡು ತರೋ ಎಷ್ಟೋ ಬಿಲ್ಲೆಗಳು ಕಾನೂನಿನ ಲೆಕ್ಕದಲ್ಲಿ ಸೋಪಲ್ಲ, ಬಾತಿಂಗ್ ಬಾರ್. ಇವತ್ತೇ ಬಚ್ಚಲುಮನೆಗೆ ಹೋಗಿ ನೋಡಿ.

ಆದ್ರೆ ಟಿಎಫ್‌ಎಂ ಹೇಳೋದು ಸೋಪು ಎಷ್ಟು ಗಟ್ಟಿ ಸರಕು ಅನ್ನೋದನ್ನ. ನಿಮ್ಮ ಮುಖಕ್ಕೆ ಒಗ್ಗತ್ತಾ ಅನ್ನೋದು ಬೇರೆ ಪ್ರಶ್ನೆ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಹತ್ತತ್ರ 5. ಸೋಪು ಅಂದ್ಮೇಲೆ, ಯಾವ ಕಂಪನಿಯದೇ ಆಗಲಿ, ಅದು ಕ್ಷಾರೀಯ, 9-10. ಮುಖ ತೊಳೆದ ಮೇಲೆ ಚರ್ಮ ಬಿಗಿ ಹಿಡಿದ ಹಾಗೆ ಆಗತ್ತಾ? ಮಾಗಿ ಚಳೀಲಿ ಬಿಳಿ ಬಿಳಿ ಪುಡಿ ಏಳತ್ತಾ? ಹಾಗಾದ್ರೆ ಮುಖಕ್ಕೆ ಮಾತ್ರ ಸೋಪಿಲ್ಲದ, ವಾಸನೆ ಇಲ್ಲದ ಮೆತ್ತನೆ ಕ್ಲೆನ್ಸರ್ ತಗೊಳ್ಳಿ. ಏನೂ ಆಗಲ್ಲ, ಇಪ್ಪತ್ತು ವರ್ಷದಿಂದ ಅದರಲ್ಲೇ ತೊಳೀತಿದ್ದೀನಿ, ಆರಾಮಾಗಿದ್ದೀನಿ ಅಂದ್ರೆ ಬದಲಾಯಿಸೋ ಅಗತ್ಯ ಇಲ್ಲ. ಗಂಧದ ಪರಿಮಳ ಮೈಗೆ ಇರಲಿ, ಅದು ನಮ್ಮ ಹೆಮ್ಮೆ. ಒಂದು ಮಾತು ಮಾತ್ರ. ಪರಿಮಳ ಸಹಜವಾದದ್ದಾದ್ರೂ ಕೆಲವರ ಚರ್ಮಕ್ಕೆ ಅಲರ್ಜಿ ಆಗಬಹುದು, ಗಂಧದೆಣ್ಣೆಯೂ ಅದಕ್ಕೆ ಹೊರತಲ್ಲ.

"ಸನ್‌ಸ್ಕ್ರೀನ್ ಹಚ್ತೀನಿ, ಆದ್ರೂ ಮುಖ ಕಪ್ಪಾಗತ್ತೆ"

ಇದಕ್ಕೆ ನಾನು ಲೆಕ್ಕ ಹಾಕಿ ಉತ್ತರ ಹೇಳ್ತೀನಿ. ಮುಖ, ಕತ್ತಿಗೆ ಹಚ್ಚಬೇಕಾದ್ದು ಎರಡು ಬೆರಳಿನ ಉದ್ದಕ್ಕೆ ಎಳೆದಷ್ಟು. ತೋರುಬೆರಳು, ನಡುಬೆರಳು. ಅದು ಸುಮಾರು 1.2 ಗ್ರಾಂ. 50 ಗ್ರಾಮಿನ ಟ್ಯೂಬು ದಿನಕ್ಕೊಂದು ಸಲ ಹಚ್ಚಿದ್ರೆ ಬರೋದು 41 ದಿನ. ಈಗ ಹೇಳಿ, ನಿಮ್ಮ ಟ್ಯೂಬು ಎಷ್ಟು ದಿನ ಬರತ್ತೆ? ಆರು ತಿಂಗಳು ಬರತ್ತೆ ಅಂದ್ರೆ, ನೀವು ಹಚ್ತಿರೋದು ಬೇಕಾದ್ದರಲ್ಲಿ ಕಾಲು ಭಾಗಕ್ಕಿಂತ ಕಮ್ಮಿ. ಡಬ್ಬಿ ಮೇಲೆ ಎಸ್‌ಪಿಎಫ್ 50 ಅಂತ ಇದ್ರೂ ನಿಮ್ಮ ಮುಖಕ್ಕೆ ಅಷ್ಟು ಸಿಗ್ತಾ ಇಲ್ಲ.

ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದ್ರೆ ಚರ್ಮ ಸುಡೋ ಯುವಿಬಿ ಕಿರಣದಲ್ಲಿ ಶೇಕಡಾ 97ರಷ್ಟು ತಡೆಯತ್ತೆ. ಎಸ್‌ಪಿಎಫ್ 50 ತಡೆಯೋದು 98. ವ್ಯತ್ಯಾಸ ಒಂದು. ಹಾಗಾಗಿ ದುಬಾರಿ 50 ತಗೊಂಡು ಜಿಪುಣತನದಲ್ಲಿ ಹಚ್ಚೋದಕ್ಕಿಂತ, ಕೈಗೆಟುಕೋ 30 ತಗೊಂಡು ಧಾರಾಳವಾಗಿ ಹಚ್ಚಿ. ಯುವಿಎ ಕಿರಣಕ್ಕೆ 'ಪಿಎ' ಅಂತ ಬರೆದು ಪ್ಲಸ್ ಗುರುತು ಇರತ್ತೆ, ಮೂರಾದ್ರೂ ಇರಲಿ. ಮೋಡ ಇದ್ರೂ ಕಿರಣ ಬರತ್ತೆ. ಡೆಲಿವರಿ ಕೆಲಸ ಮಾಡೋರು, ಗಾಡೀಲಿ ಓಡಾಡೋರು ಎರಡು ಗಂಟೆಗೊಮ್ಮೆ ಹಚ್ಚಬೇಕು. ಅಷ್ಟು ದುಡ್ಡು, ಪುರುಸೊತ್ತು ಇಲ್ಲ ಅಂದ್ರೆ ತುಂಬು ತೋಳಿನ ಅಂಗಿ, ಟೋಪಿ, ವೇಲ್. ಅದು ಬೆವರಲ್ಲಿ ತೊಳೆದುಹೋಗಲ್ಲ, ತಿಂಗಳ ಖರ್ಚೂ ಇಲ್ಲ.

"ನಾನು ಕೆಮಿಕಲ್ ಬಳಸಲ್ಲ. ನಿಂಬೆಹಣ್ಣು, ಅರಿಶಿನ, ಕಡ್ಲೆಹಿಟ್ಟು ಅಷ್ಟೇ"

ಕಡ್ಲೆಹಿಟ್ಟಿಂದ ಮುಖ ತೊಳೆಯೋದು ನಮ್ಮಜ್ಜಿ ಕಾಲದ್ದು, ಮೆತ್ತಗೆ ಉಜ್ಜಿದ್ರೆ ಹೆಚ್ಚಿನೋರಿಗೆ ತೊಂದರೆ ಇಲ್ಲ. ಮೊಡವೆ ಮೇಲೆ ಗಸಗಸ ಉಜ್ಜಬೇಡಿ. ನಿಂಬೆರಸ ಮಾತ್ರ ಬೇಡ. ಅದರ ಪಿಎಚ್ ಹೆಚ್ಚುಕಡಿಮೆ 2. ಚರ್ಮದ 5ಕ್ಕೂ ಅದಕ್ಕೂ ಅಂಕಿಯಲ್ಲಿ ಮೂರೇ ವ್ಯತ್ಯಾಸ ಕಾಣತ್ತೆ, ಆದ್ರೆ ಪಿಎಚ್ ಲೆಕ್ಕದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು, ಅಂದ್ರೆ ಸಾವಿರ ಪಟ್ಟು ಹುಳಿ. ನಿಂಬೆ ಜಾತಿಯ ಹಣ್ಣಿನ ರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಟ್ಟ ಗಾಯದ ಥರ ಆಗಿ ಕಪ್ಪು ಕಲೆ ಉಳಿಯಬಹುದು. ಕಲೆ ತೆಗೆಯೋಕೆ ಹೋಗಿ ಕಲೆ ತಂದ್ಕೊಂಡ ಹಾಗೆ.

ಡಬ್ಬಿ ಮೇಲೆ 'ನ್ಯಾಚುರಲ್' ಅಂತ ಇದ್ರೆ ಹಿಂದಿನ ಪಟ್ಟಿ ಓದಿ. ಪಟ್ಟೀಲಿ ಹೆಚ್ಚು ಇರೋದು ಮೊದಲು, ಕಮ್ಮಿ ಇರೋದು ಆಮೇಲೆ ಬರತ್ತೆ. ಶೇಕಡಾ 1ಕ್ಕಿಂತ ಕಮ್ಮಿ ಇರೋದನ್ನ ಕೊನೇಲಿ ಹೇಗೆ ಬೇಕಾದ್ರೂ ಬರೀಬಹುದು. ಮುಂದೆ ದೊಡ್ಡ ಕೇಸರಿ ಹೂವಿನ ಚಿತ್ರ ಇದ್ದು, ಹಿಂದೆ ಕೇಸರಿ ಪಟ್ಟಿಯ ಕೊನೇಲಿ, ಸುಗಂಧದ ಆಸುಪಾಸಲ್ಲಿ ಇದ್ರೆ, ನೀವು ದುಡ್ಡು ಕೊಟ್ಟಿದ್ದು ಚಿತ್ರಕ್ಕೆ.

"ಬಜೆಟ್ ತಿಂಗಳಿಗೆ 300-400 ರೂಪಾಯಿ. ಏನು ತಗೊಳ್ಳಲಿ?"

ಇದು ನನ್ನ ಏರಿಯಾ! ರೀಲ್ಸ್‌ನಲ್ಲಿ ಹತ್ತು ಹೆಜ್ಜೆಯ ರೂಟೀನ್ ತೋರಿಸ್ತಾರೆ. ಚರ್ಮದ ಡಾಕ್ಟರ್‌ಗಳು ಸಾಮಾನ್ಯ ಚರ್ಮಕ್ಕೆ ಹೇಳೋದು ಮೂರೇ: ಮೆತ್ತನೆ ಕ್ಲೆನ್ಸರ್, ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್. ದುಡ್ಡು ಕಮ್ಮಿ ಇದ್ರೆ ಸನ್‌ಸ್ಕ್ರೀನಿಗೆ ಮೊದಲ ಪಾಲು. ಕ್ಲೆನ್ಸರ್ ಅರ್ಧ ನಿಮಿಷಕ್ಕೆ ಮೋರಿ ಸೇರತ್ತೆ, ಅದಕ್ಕೆ ಜಾಸ್ತಿ ಸುರೀಬೇಡಿ.

ಎಂಆರ್‌ಪಿ ಪಕ್ಕ ಈಗ 'ಯೂನಿಟ್ ಸೇಲ್ ಪ್ರೈಸ್' ಅಂತಲೂ ಮುದ್ರಿಸ್ತಾರೆ, ಗ್ರಾಮಿಗೆ ಇಷ್ಟು, ಎಂಎಲ್‌ಗೆ ಇಷ್ಟು ಅಂತ. ಅದನ್ನ ಹೋಲಿಸಿ. ಉದಾಹರಣೆಗೆ 450 ರೂಪಾಯಿಗೆ 50 ಗ್ರಾಂ ಅಂದ್ರೆ ಗ್ರಾಮಿಗೆ 9. 600 ರೂಪಾಯಿಗೆ 30 ಎಂಎಲ್ ಸೀರಂ ಅಂದ್ರೆ ಎಂಎಲ್‌ಗೆ 20. ಆ ಸೀರಂ ನಿಮಗೆ ನಿಜವಾಗ್ಲೂ ಬೇಕಾ? ನಿಯಾಸಿನಮೈಡ್ ಶೇಕಡಾ 10 ಅಂತ ದೊಡ್ಡದಾಗಿ ಬರೆದಿರ್ತಾರೆ. ಅದರ ಬಗ್ಗೆ ಆಗಿರೋ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿರೋದು ಶೇಕಡಾ 2ರಿಂದ 5. ಅಂಕಿ ದೊಡ್ಡದಾದ್ರೆ ಬೆಲೆ ಏರಬಹುದು, ಉರಿನೂ ಏರಬಹುದು.

ಹೊಸದು ಏನೇ ತಂದ್ರೂ ಮೊದಲು ಮುಖಕ್ಕೆ ಬೇಡ. ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆರಡು ಸಲ, ಒಂದು ವಾರ ಹಚ್ಚಿ. ಕೆಂಪು, ತುರಿಕೆ ಇಲ್ಲ ಅಂದ್ರೆ ಮುಖಕ್ಕೆ ಹಚ್ಚಿ. ಒಂದೇ ಸಲಕ್ಕೆ ಮೂರು ಹೊಸದು ಶುರು ಮಾಡ್ಬೇಡಿ, ತೊಂದರೆ ಯಾವುದರಿಂದ ಅಂತ ಗೊತ್ತಾಗಲ್ಲ.

ಗಟ್ಟಿ ಗಂಟಿನಂಥ, ನೋಯೋ ಮೊಡವೆ, ಗುಳಿ ಬೀಳ್ತಾ ಇರೋ ಕಲೆ, ದಿನೇದಿನೇ ಹರಡೋ ಬಂಗು, ಇವಕ್ಕೆ ಅಂಗಡಿ ಕ್ರೀಮ್ ಸಾಲಲ್ಲ. ಆರು ತಿಂಗಳಲ್ಲಿ ಆರು ಡಬ್ಬಿಗೆ ಕೊಡೋ ದುಡ್ಡು ಒಂದು ಸಲ ಡಾಕ್ಟರಿಗೆ ತೋರಿಸೋದಕ್ಕಿಂತ ಹೆಚ್ಚಾಗಿರತ್ತೆ.

ಕೊನೇ ಮಾತು

ಬಂದ ಮೆಸೇಜ್‌ಗಳಲ್ಲಿ ಒಂದು ಪದ ಮತ್ತೆ ಮತ್ತೆ ಕೇಳಿಸ್ತು: 'ಬ್ರೈಟ್'. ಬ್ರೈಟ್ ಆಗಬೇಕು, ಗ್ಲೋ ಬರಬೇಕು. ಕೆಲವರು ನೇರವಾಗಿ ಕೇಳಿದ್ರು, ಬೆಳ್ಳಗಾಗಬೇಕು ಅಂತ. ಹೆಣ್ಣು ನೋಡೋಕೆ ಬಂದೋರು ಏನೋ ಅಂದಿರ್ತಾರೆ, ಸೋದರತ್ತೆ ಮದುವೆಮನೇಲಿ ಎಲ್ರ ಮುಂದೆ "ಬಿಸಿಲಲ್ಲಿ ತಿರುಗಿ ಕರ್ರಗಾಗಿದೀಯ" ಅಂದಿರ್ತಾರೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿಂದ 'ಫೇರ್' ತೆಗೆದು ಗ್ಲೋ ಅಂಡ್ ಲವ್ಲಿ ಆಯ್ತು. ಡಬ್ಬಿ ಮೇಲಿನ ಪದ ಬದಲಾಗೋಕೆ 45 ವರ್ಷ ಹಿಡೀತು. ನಮ್ಮ ಮನೆಗಳ ಮಾತು ಬದಲಾಗೋಕೆ ಎಷ್ಟು ವರ್ಷ ಬೇಕೋ, ಅದನ್ನ ಯಾವ ನೋಟಿಫಿಕೇಶನ್ನೂ ಹೇಳಲ್ಲ. ಆದ್ರೆ ಸ್ಟೀರಾಯ್ಡ್ ಟ್ಯೂಬೂ, ಪಾದರಸದ ಡಬ್ಬೀನೂ ಮಾರಾಟ ಆಗೋದು ಆ ಮಾತಿನ ಬಲದ ಮೇಲೇ. ಮುಂದಿನ ಸಲ ಮನೇಲಿ ಯಾರಾದ್ರೂ ತಂಗಿಗೋ ತಮ್ಮನಿಗೋ ಬಣ್ಣದ ಬಗ್ಗೆ ಹೇಳಿದ್ರೆ, "ಅತ್ತೆ, ಆ ಮಾತು ಬಿಡಿ" ಅಂತ ನಗ್ತಾನೇ ಹೇಳಿ. ಅದಕ್ಕೆ ಖರ್ಚಿಲ್ಲ.

ಎರಡು ನಂಬರ್ ಸೇವ್ ಮಾಡ್ಕೊಳ್ಳಿ. ಔಷಧಿಯಿಂದ ಅಡ್ಡಪರಿಣಾಮ ಆದ್ರೆ ತಿಳಿಸೋಕೆ ಟೋಲ್ ಫ್ರೀ 1800-180-3024. ಲೇಬಲ್ ಇಲ್ಲದ ಸರಕು, ಸುಳ್ಳು ಜಾಹೀರಾತು, ಎಂಆರ್‌ಪಿ ಮೀರಿದ ಬೆಲೆ ಇದ್ರೆ ಗ್ರಾಹಕ ಸಹಾಯವಾಣಿ 1915.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕನ್ನಡಿ ಮುಂದೆ ಇರೋ ಎಲ್ಲಾ ಟ್ಯೂಬೂ ಡಬ್ಬೀನೂ ಸಾಲಾಗಿ ಇಟ್ಟು, ತಿರುಗಿಸಿ, ಹಿಂದೆ ಓದಿ. ಅಕ್ಷರ ತೀರಾ ಸಣ್ಣದಾಗಿದ್ರೆ ಫೋನಲ್ಲಿ ಫೋಟೋ ತೆಗೆದು ಝೂಮ್ ಮಾಡಿ. ಕೆಂಪು ಗೆರೆ ಇರೋದನ್ನ ಒಂದು ಕಡೆ ಇಡಿ, ಏನೂ ಬರೆದಿಲ್ಲದ್ದನ್ನ ಇನ್ನೊಂದು ಕಡೆ. ನಿಮ್ಮದು ಮುಗಿದ ಮೇಲೆ ಅಮ್ಮಂದೂ ನೋಡಿ, ತಮ್ಮಂದೂ ನೋಡಿ.

ಮುಂದಿನ ವಾರ ಕೂದಲಿನ ಬಗ್ಗೆ. ಷೆಡ್ಯೂಲ್ ಜೆ ಪಟ್ಟೀಲಿ ಬೋಳುತಲೆನೂ ಇದೆ ಅಂದ್ನಲ್ಲ, ಅಲ್ಲಿಂದಾನೇ ಶುರು ಮಾಡೋಣ. ನಿಮ್ಮ ಪ್ರಶ್ನೆ ಕಳಿಸಿ.